ಕೊಡ ಬೀಳದ ಕುಣಿತ: ಲಿಂಗತ್ವ ಅಲ್ಪಸಂಖ್ಯಾತರ ಕಲೆಯಲ್ಲಿ ಆಟ, ಆನಂದ ಮತ್ತು ಪ್ರತಿರೋಧ

ವಿಷಯದ ಸ್ವರೂಪ

ಹುಟ್ಟಿದಾಗ ದೇಹವನ್ನು ನೋಡಿ ಗುರುತಿಸಿದ ಲಿಂಗಕ್ಕೂ, ಬೆಳೆಯುತ್ತ ವ್ಯಕ್ತಿ ತನ್ನೊಳಗೆ ಕಂಡುಕೊಂಡ ಲಿಂಗತ್ವಕ್ಕೂ ಹೊಂದಿಕೆ ಇಲ್ಲದವರನ್ನು ಕನ್ನಡದಲ್ಲಿ ಲಿಂಗತ್ವ ಅಲ್ಪಸಂಖ್ಯಾತರು ಎನ್ನುತ್ತಾರೆ. ಇವರ ಬದುಕನ್ನು ಕುರಿತ ಬರಹಗಳಲ್ಲಿ ಹೆಚ್ಚಿನವು ಮನೆಯಿಂದ ಹೊರದಬ್ಬಿಸಿಕೊಂಡ ಕತೆ, ಬಡತನ, ಅವಮಾನ, ಪೊಲೀಸರ ಹೊಡೆತ ಇವುಗಳ ಸುತ್ತಲೇ ಸುತ್ತುತ್ತವೆ. ಅವೆಲ್ಲವೂ ಸತ್ಯವೇ. ಆದರೆ ಅಷ್ಟೇ ಹಳೆಯದಾದ, ಅಷ್ಟೇ ಗಟ್ಟಿಯಾದ ಇನ್ನೊಂದು ಸಂಗತಿ ಈ ಸಮುದಾಯದಲ್ಲಿದೆ. ಅದು ಹಾಡು, ಕುಣಿತ, ಅಲಂಕಾರ, ಅಣಕ ಮತ್ತು ನಗೆ. ಶೋಕದ ಕತೆಗಳನ್ನು ಮಾತ್ರ ಓದಿದವರಿಗೆ ಈ ಜನ ಇಷ್ಟು ಕಾಲ ಹೇಗೆ ಉಳಿದರು ಎಂಬ ಪ್ರಶ್ನೆಗೆ ಉತ್ತರ ದೊರೆಯುವುದಿಲ್ಲ.

ಪ್ರತಿರೋಧ ಎಂದೊಡನೆ ಮೆರವಣಿಗೆ, ಘೋಷಣೆ, ಮೊಕದ್ದಮೆ ನೆನಪಾಗುವುದು ಸಹಜ. ಆದರೆ ಒಂದು ಸಮುದಾಯ ಯಾರ ಕಣ್ಣಿಗೂ ಬೀಳದಂತೆ ಬದುಕಬೇಕೆಂದು ಅಧಿಕಾರವೇ ಬಯಸಿದಾಗ, ಸೀರೆ ಉಟ್ಟು, ಬಳೆ ತೊಟ್ಟು, ನಾಲ್ಕು ಜನರ ನಡುವೆ ನಿಂತು ಹಾಡುವುದೂ ಪ್ರತಿರೋಧವೇ ಆಗುತ್ತದೆ. ಈ ಲೇಖನ ಆ ಬಗೆಯ ಪ್ರತಿರೋಧವನ್ನು ಕುರಿತದ್ದು.

ವಿಷಯವನ್ನು ನೋಡಲು ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ಒಳ್ಳೆಯ ಸ್ಥಾನಗಳು. ಪುಣೆ ಮತ್ತು ಹೈದರಾಬಾದ್ ನಗರಗಳನ್ನು ಜೋಡಿಸುವ ಹೆದ್ದಾರಿಯ ಸೀಮೆಯಲ್ಲಿರುವ ಈ ಊರುಗಳಲ್ಲಿ ಕನ್ನಡ, ಮರಾಠಿ, ತೆಲುಗು ಮತ್ತು ದಖನಿ ಉರ್ದು ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ಪಶ್ಚಿಮಕ್ಕೆ ಹಾಗೂ ದಕ್ಷಿಣಕ್ಕೆ ಯಲ್ಲಮ್ಮ ದೇವಿಗೆ ಮುಡಿಪಾದ ಜೋಗತಿಯರ ಪರಂಪರೆಯ ನಾಡು. ಪೂರ್ವಕ್ಕೆ ಗುರುಶಿಷ್ಯರ ಮನೆತನಗಳಾಗಿ ಬದುಕುವ ಹೈದರಾಬಾದಿನ ಹಿಜ್ಡಾ ಸಮುದಾಯದ ನಾಡು. ಎರಡರ ನಡುವಿನ ಈ ನೆಲ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು, 1956ರ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರಿತು. ನಿಜಾಮರ ಕಾಲದ ಒಂದು ಕಾನೂನನ್ನು ತಿಳಿಯದೆ ಇಲ್ಲಿನ ಕುಣಿತದ ಅರ್ಥ ಪೂರ್ತಿಯಾಗುವುದಿಲ್ಲ.

ಕುಣಿತವನ್ನು ಅಪರಾಧವಾಗಿಸಿದ ಕಾನೂನು

ನಿಜಾಮರ ಸರ್ಕಾರ ಕಂದಾಯದ ಲೆಕ್ಕಕ್ಕೆ ಫಸಲಿ ಎಂಬ ವರ್ಷಗಣನೆಯನ್ನು ಬಳಸುತ್ತಿತ್ತು. 1329ನೇ ಫಸಲಿಯಲ್ಲಿ, ಅಂದರೆ 1919ರ ಸುಮಾರಿಗೆ, ಹೈದರಾಬಾದ್ ಸಂಸ್ಥಾನವು ಹಿಜ್ಡಾ ಸಮುದಾಯವನ್ನು ಗುರಿಯಾಗಿಸಿ ಒಂದು ಕಾಯ್ದೆಯನ್ನು ಮಾಡಿತು. ಹೈದರಾಬಾದ್ ನಗರದಲ್ಲೂ ಸರ್ಕಾರ ಗೊತ್ತುಪಡಿಸುವ ಇತರ ಸ್ಥಳಗಳಲ್ಲೂ ವಾಸಿಸುವ, ಸರ್ಕಾರಕ್ಕೆ ಸಂಶಯವಿದ್ದ ಜನರ ಹೆಸರು ಮತ್ತು ವಿಳಾಸಗಳನ್ನು ಬರೆದಿಡುವ ದಫ್ತರವೊಂದನ್ನು ಅದು ಏರ್ಪಡಿಸಿತು. ಹೀಗೆ ಹೆಸರು ದಾಖಲಾದವರು ಹೆಣ್ಣುಡುಗೆಯಲ್ಲಿ ಅಥವಾ ಒಡವೆ ತೊಟ್ಟು ಬೀದಿಯಲ್ಲಿ ಕಂಡರೆ, ಬೀದಿಯಲ್ಲಿ ಕುಣಿದರೆ, ವಾದ್ಯ ನುಡಿಸಿದರೆ, ಸಾರ್ವಜನಿಕ ಮನರಂಜನೆಯಲ್ಲಿ ಭಾಗವಹಿಸಿದರೆ, ವಾರಂಟ್ ಇಲ್ಲದೆ ಬಂಧಿಸಬಹುದಾಗಿತ್ತು. ಶಿಕ್ಷೆ ಎರಡು ವರ್ಷಗಳವರೆಗಿನ ಸೆರೆಮನೆ, ಅಥವಾ ದಂಡ, ಅಥವಾ ಎರಡೂ.

ಈ ಪಟ್ಟಿಯನ್ನು ಮತ್ತೊಮ್ಮೆ ಓದಬೇಕು. ಉಡುಗೆ, ಒಡವೆ, ಕುಣಿತ, ವಾದ್ಯ. ಕಳವು, ಹಲ್ಲೆ, ಮೋಸ ಇವುಗಳನ್ನು ಶಿಕ್ಷಿಸಲು ಬೇರೆ ಕಾನೂನುಗಳಿದ್ದೇ ಇದ್ದವು. ಈ ಕಾಯ್ದೆ ಹುಡುಕಿ ಹಿಡಿದದ್ದು ಒಂದು ಸಮುದಾಯ ಸಂತೋಷವಾಗಿ ಹೊರಗೆ ಕಾಣಿಸಿಕೊಳ್ಳುವ ರೀತಿಯನ್ನು. ಹದಿನಾರು ವರ್ಷದೊಳಗಿನ ಹುಡುಗ ಇವರ ಮನೆಯಲ್ಲಿದ್ದರೂ ಶಿಕ್ಷೆ ಇತ್ತು. ಮಕ್ಕಳ ರಕ್ಷಣೆ ಅದರ ಹೊರಗಿನ ಕಾರಣ. ಗುರುವಿನಿಂದ ಶಿಷ್ಯರಿಗೆ ಹಾಡು ದಾಟುವ ದಾರಿಯೂ ಅದರಿಂದ ಮುಚ್ಚಿತು.

ಹೈದರಾಬಾದಿನ ಈ ಕಾಯ್ದೆಗೆ ಮೇಲ್ಪಂಕ್ತಿ ಬ್ರಿಟಿಷರದು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಎರಡನೆಯ ಭಾಗದಲ್ಲಿ ಇಂಥವೇ ಕಲಮುಗಳಿದ್ದವು. ಉತ್ತರ ಭಾರತದಲ್ಲಿ ಅದನ್ನು ಜಾರಿಗೊಳಿಸಿದ ಅಧಿಕಾರಿಗಳು ಹಿಜ್ಡಾ ಸಮುದಾಯ ಕ್ರಮೇಣ ಅಳಿದುಹೋಗಬೇಕೆಂದೇ ಬಯಸಿದ್ದರು ಎಂಬುದನ್ನು ಇತಿಹಾಸಕಾರ್ತಿ ಜೆಸ್ಸಿಕಾ ಹಿಂಚಿ 2019ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಸರ್ಕಾರದ ಕಡತಗಳಿಂದಲೇ ತೋರಿಸಿದ್ದಾರೆ.

ಇದು ಮುಗಿದುಹೋದ ಕಾಲದ ಮಾತು ಎನ್ನುವಂತಿಲ್ಲ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಹೊಸ ಕಲಮು ಸೇರಿತು. ಅದು 1871ರ ಕಾಯ್ದೆಯನ್ನೇ ನೆನಪಿಸುವ ಭಾಷೆಯಲ್ಲಿ, ಹೆಸರುಗಳ ದಫ್ತರ ಇಡುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತು. ಸಮುದಾಯದ ಸಂಘಟನೆಗಳು ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದವು, ಬಳಿಕ ಕಲಮಿನ ಭಾಷೆಯನ್ನು ತಿದ್ದಲಾಯಿತು. ನಿಜಾಮರ ಕಾಲದ ಕಾಯ್ದೆ ತೆಲಂಗಾಣದಲ್ಲಿ ಇನ್ನೂ ದೀರ್ಘಕಾಲ ಕಾನೂನು ಪುಸ್ತಕದಲ್ಲಿ ಉಳಿದಿತ್ತು. 2023ರ ಜುಲೈನಲ್ಲಿ ತೆಲಂಗಾಣ ಹೈಕೋರ್ಟ್ ಅದು ಸಂವಿಧಾನದ ಸಮಾನತೆ ಮತ್ತು ಘನತೆಯ ಹಕ್ಕುಗಳಿಗೆ ವಿರುದ್ಧ ಎಂದು ಹೇಳಿ ರದ್ದುಪಡಿಸಿತು. ಬೀದಿಯಲ್ಲಿ ಕುಣಿದದ್ದಕ್ಕೆ ಸೆರೆಮನೆ ಎಂಬ ಬರಹ ಅಳಿಯಲು ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

ಕಲ್ಯಾಣದಲ್ಲಿ ನಗೆಯೂ ಕಾಯಕ

ಕಾನೂನು ಹೀಗೆ ಅಪರಾಧವಾಗಿಸಿದ ಆಟಕ್ಕೆ ಇದೇ ನೆಲದಲ್ಲಿ ಹಿಂದೆ ಗೌರವವಿತ್ತು. ಬಸವಕಲ್ಯಾಣ ಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿತ್ತು. 12ನೇ ಶತಮಾನದ ಶರಣರ ಊರು. ಅಲ್ಲಿ ನೆರೆದ ಶರಣರ ಕಾಯಕಗಳಲ್ಲಿ ನೇಯ್ಗೆ, ಚಮ್ಮಾರಿಕೆ, ದೋಣಿ ನಡೆಸುವುದು ಇವನ್ನು ಎಲ್ಲರೂ ಬಲ್ಲರು. ಆಟವೇ ಕಾಯಕವಾಗಿದ್ದವರನ್ನು ಅಷ್ಟಾಗಿ ನೆನೆಯುವುದಿಲ್ಲ. ನಗೆಯ ಮಾರಿತಂದೆಯ ಕಾಯಕ ಜನರನ್ನು ನಗಿಸುವುದು. ಬಹುರೂಪಿ ಚೌಡಯ್ಯನದು ನಾನಾ ವೇಷಗಳನ್ನು ತೊಟ್ಟು ಆಡಿ ತೋರಿಸುವುದು. ಢಕ್ಕೆಯ ಬೊಮ್ಮಣ್ಣ ಮಾರಿಯನ್ನು ಹೊತ್ತು, ಢಕ್ಕೆ ಬಾರಿಸುತ್ತ ಮನೆಮನೆಗೆ ಹೋಗುತ್ತಿದ್ದವನು. ನಗಿಸುವುದನ್ನೂ ವೇಷ ಹಾಕುವುದನ್ನೂ ದುಡಿಮೆಯ ಸಾಲಿನಲ್ಲಿ ಕೂರಿಸಿ, ಆ ದುಡಿಮೆ ಮಾಡಿದವರ ಮಾತನ್ನು ವಚನವೆಂದು ಕಾಪಿಟ್ಟ ಸಮಾಜ ಅದು.

ಇವರು ಲಿಂಗತ್ವ ಅಲ್ಪಸಂಖ್ಯಾತರಾಗಿದ್ದರು ಎಂದು ಹೇಳುವುದಕ್ಕೆ ಯಾವ ಆಧಾರವೂ ಇಲ್ಲ, ಹಾಗೆ ಹೇಳುವುದು ಸರಿಯೂ ಅಲ್ಲ. ಆದರೆ ಇಂದಿನ ಕಲಾವಿದರು ತಮ್ಮ ಬೇರನ್ನು ಹುಡುಕುವಾಗ ಈ ನೆಲದ ಕಡೆಗೆ ತಿರುಗುವುದಕ್ಕೆ ಕಾರಣಗಳಿವೆ. ಶರಣರು ಲಿಂಗವನ್ನು ಪತಿಯೆಂದೂ ತಮ್ಮನ್ನು ಸತಿಯೆಂದೂ ಭಾವಿಸಿ ಹೆಣ್ಣುದನಿಯಲ್ಲಿ ನುಡಿದರು. ಅವರಿಗಿಂತ ಹಿಂದಿನವನಾದ ಜೇಡರ ದಾಸಿಮಯ್ಯ ದೇಹದ ಗುರುತುಗಳು ಹೆಣ್ಣು ಗಂಡೆಂಬ ಭೇದವನ್ನು ತೋರಿಸಬಹುದು, ನಡುವೆ ಸುಳಿವ ಆತ್ಮಕ್ಕೆ ಆ ಭೇದವಿಲ್ಲ ಎಂಬ ವಿಚಾರವನ್ನು ಒಂದು ವಚನದಲ್ಲಿ ಇಟ್ಟ. ಇಂದಿನ ಜೋಗತಿ ಕಲಾವಿದೆ ಮಂಜಮ್ಮ ಜೋಗತಿ ತಮ್ಮ ಆತ್ಮಕಥೆಗೆ ‘ನಡುವೆ ಸುಳಿವ ಹೆಣ್ಣು’ ಎಂಬ ಹೆಸರಿಟ್ಟಾಗ, ಕನ್ನಡ ಓದುಗರಿಗೆ ಆ ವಚನದ ನೆನಪಾಗದೆ ಇರದು.

ನೆರೆಯ ಹುಮನಾಬಾದಿನಲ್ಲೂ ಭಕ್ತಿ ಮತ್ತು ಕಲೆ ಬೇರೆಯಾಗಿ ನಿಂತಿಲ್ಲ. ಜನವರಿಯಲ್ಲಿ ನಡೆಯುವ ವೀರಭದ್ರೇಶ್ವರ ಜಾತ್ರೆ, ಪಕ್ಕದ ಮಾಣಿಕನಗರದಲ್ಲಿ ಮಾಣಿಕಪ್ರಭುಗಳ (1817–1865) ಕಾಲದಿಂದ ನಡೆದುಬಂದ ಸಂಗೀತ ಸೇವೆ, ಎಲ್ಲ ಮತಗಳಿಗೂ ಸಮಾನ ಗೌರವ ಕೊಡುವ ಅಲ್ಲಿನ ಸಕಲಮತ ಸಿದ್ಧಾಂತ ಇವು ಈ ಸೀಮೆಯ ಹಿನ್ನೆಲೆ.

ಯಲ್ಲಮ್ಮನ ಕತೆ: ಆಟ ನೋಡಿದ ತಪ್ಪು

ಉತ್ತರ ಕರ್ನಾಟಕದಲ್ಲಿ ಲಿಂಗತ್ವ ಅಲ್ಪಸಂಖ್ಯಾತರ ಕಲೆಗೆ ಅತಿ ದೊಡ್ಡ ಆಶ್ರಯ ಯಲ್ಲಮ್ಮ ದೇವಿಯ ಪರಂಪರೆ. ಬೆಳಗಾವಿ ಜಿಲ್ಲೆಯ ಸವದತ್ತಿಯ ಗುಡ್ಡ ಮತ್ತು ಕೊಪ್ಪಳ ಜಿಲ್ಲೆಯ ಹುಲಿಗೆಮ್ಮನ ಸನ್ನಿಧಿ ಈ ಸಮುದಾಯ ಸೇರುವ ಪ್ರಮುಖ ಕ್ಷೇತ್ರಗಳು. ದೇವಿ ತನ್ನನ್ನು ಕರೆದಳು ಎಂದು ತಿಳಿದ ಗಂಡುಮಕ್ಕಳು ಮುತ್ತು ಕಟ್ಟಿಸಿಕೊಂಡು, ಅಂದರೆ ದೇವಿಗೆ ಸಮರ್ಪಿತರಾಗಿ, ಸೀರೆ ಉಟ್ಟು ಜೋಗಪ್ಪ ಅಥವಾ ಜೋಗತಿ ಆಗುತ್ತಾರೆ. ಜನನಾಂಗ ಛೇದನ ಇಲ್ಲಿ ಕಡ್ಡಾಯವಲ್ಲ. ಹಿಜ್ಡಾ ಪರಂಪರೆಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದು.

ಪರಂಪರೆಯ ಮೂಲದಲ್ಲಿ ಯಲ್ಲಮ್ಮನೆಂದು ಪೂಜೆಗೊಳ್ಳುವ ರೇಣುಕೆಯ ಕತೆ ಇದೆ. ಜಮದಗ್ನಿಯ ಹೆಂಡತಿ ರೇಣುಕೆ ದಿನವೂ ಹೊಳೆಯ ಮರಳಿನಲ್ಲಿ ಕೊಡ ಮಾಡಿ, ಹಾವನ್ನು ಸಿಂಬೆಯಾಗಿ ಸುತ್ತಿ, ತಲೆಯ ಮೇಲೆ ನೀರು ಹೊತ್ತು ತರುತ್ತಿದ್ದಳು. ಒಂದು ದಿನ ಗಂಧರ್ವರ ಜಲಕ್ರೀಡೆಯನ್ನು ಕಂಡು ಅವಳ ಮನಸ್ಸು ಅಲ್ಲಿ ನಿಂತಿತು. ಕೊಡ ಕೂಡಲಿಲ್ಲ, ಹಾವು ಹರಿದುಹೋಯಿತು. ಸಿಟ್ಟಿಗೆದ್ದ ಜಮದಗ್ನಿ ತಾಯಿಯ ತಲೆ ಕಡಿಯಲು ಮಕ್ಕಳಿಗೆ ಆಜ್ಞಾಪಿಸಿದ. ಒಪ್ಪದ ಹಿರಿಯ ಮಕ್ಕಳು ತಂದೆಯ ಶಾಪಕ್ಕೆ ಗುರಿಯಾದರು, ಪರಶುರಾಮ ಕೊಡಲಿ ಎತ್ತಿದ. ಆ ಶಾಪದಿಂದ ಅಣ್ಣಂದಿರು ಗಂಡಸುತನ ಕಳೆದುಕೊಂಡರು, ದೇವಿಯಾದ ತಾಯಿಯ ಸೇವೆಗೆ ನಿಂತರು ಎಂದು ಜೋಗಪ್ಪಗಳ ನಡುವಿನ ಕಥನಗಳು ಹೇಳುತ್ತವೆ.

ಈ ಕತೆಯನ್ನು ಸಾಮಾನ್ಯವಾಗಿ ಪಾತಿವ್ರತ್ಯದ ಪರೀಕ್ಷೆಯೆಂದು ವಿವರಿಸುತ್ತಾರೆ. ಜೋಗತಿಯರ ಕುಣಿತದ ಕಡೆಯಿಂದ ನೋಡಿದರೆ ಬೇರೊಂದು ಸಂಗತಿ ಎದ್ದು ಕಾಣುತ್ತದೆ. ರೇಣುಕೆ ಮಾಡಿದ್ದು ಇಷ್ಟೇ: ಇನ್ನೊಬ್ಬರ ಆಟವನ್ನು ಒಂದು ಗಳಿಗೆ ನಿಂತು ನೋಡಿ ಸಂತೋಷಪಟ್ಟಳು. ಅದಕ್ಕೆ ಅವಳ ತಲೆ ಹೋಯಿತು. ಆಕೆಯ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡವರು ಅದೇ ಕೊಡವನ್ನು ತಲೆಯ ಮೇಲೆ ಇಟ್ಟುಕೊಂಡು, ಸಾವಿರ ಜನರ ಮುಂದೆ ಆಡುತ್ತಾರೆ. ಇಲ್ಲಿ ಸಂತೋಷ ಇದೆ, ಆದರೂ ಕೊಡ ಬೀಳುವುದಿಲ್ಲ. ಕೊಡದ ಕುಣಿತ ಶಿಕ್ಷೆಯ ಕತೆಯನ್ನು ಮೈಯಿಂದಲೇ ತಿದ್ದಿ ಬರೆಯುತ್ತದೆ ಎಂಬುದು ಈ ಲೇಖನದ ಓದು.

ಜೋಗತಿ ಕಲೆ ನಡೆಯುವ ಬಗೆ

ಜೋಗತಿ ಮೇಳದ ಜೀವ ಚೌಡಿಕೆ ಎಂಬ ವಾದ್ಯ. ಇದು ಕೊಳಗದಾಕಾರದ ಒಂದು ಪೊಳ್ಳು ಪೀಪಾಯಿ. ಒಂದು ಬಾಯಿಗೆ ಚರ್ಮ ಬಿಗಿದಿರುತ್ತದೆ, ಇನ್ನೊಂದು ಬಾಯಿ ತೆರೆದಿರುತ್ತದೆ. ಚರ್ಮದ ನಡುವಿನಿಂದ ಹೊರಟ ತಂತಿಯು ಪೀಪಾಯಿಯ ಪಕ್ಕಕ್ಕೆ ಜೋಡಿಸಿದ ಕೋಲಿನ ತುದಿಯ ಬಿರಟೆಗೆ ಸೇರುತ್ತದೆ. ವಾದ್ಯವನ್ನು ಕಂಕುಳಲ್ಲಿ ಅವುಚಿಕೊಂಡು ತಂತಿಯನ್ನು ಮೀಟುತ್ತಾರೆ. ತಂತಿಯ ಬಿಗಿತವನ್ನು ಹೆಚ್ಚು ಕಡಿಮೆ ಮಾಡಿದಂತೆ ಸ್ವರ ಏರುತ್ತದೆ, ಇಳಿಯುತ್ತದೆ. ಹೀಗಾಗಿ ಒಂದೇ ವಾದ್ಯ ತಾಳವನ್ನೂ ಕೊಡುತ್ತದೆ, ಹಾಡುವವರ ಮಾತಿಗೆ ಮರುಮಾತನ್ನೂ ಆಡುತ್ತದೆ. ನಗಬೇಕಾದ ಜಾಗದಲ್ಲಿ ಚೌಡಿಕೆ ನಿಜಕ್ಕೂ ನಗುತ್ತದೆ. ಇದೇ ವಾದ್ಯ ಮಹಾರಾಷ್ಟ್ರದ ಯಲ್ಲಮ್ಮನ ಭಕ್ತರಲ್ಲಿ ಚೌಂಡಕೆ ಎಂಬ ಹೆಸರಿನಿಂದ ಇದೆ. ಜೊತೆಗೆ ಶ್ರುತಿ ಹಿಡಿಯುವ ಒಂಟಿತಂತಿಯ ವಾದ್ಯ ಮತ್ತು ತಾಳ ಇದ್ದರೆ ಮೇಳ ಪೂರ್ಣ.

ಮೇಳದ ಮುಖ್ಯ ಹಾಡುಗಾರ್ತಿ ಕತೆಯನ್ನು ಮುನ್ನಡೆಸುತ್ತಾಳೆ, ಹಿಮ್ಮೇಳದವರು ಸೊಲ್ಲನ್ನು ಎತ್ತಿಕೊಳ್ಳುತ್ತಾರೆ. ನಡುನಡುವೆ ಹಾಡು ನಿಂತು ಮಾತು ಬರುತ್ತದೆ. ಇಲ್ಲಿಯೇ ಆಟದ ಅಂಶ ಹೆಚ್ಚು. ಹಿಮ್ಮೇಳದವಳು ತಿಳಿಯದವಳಂತೆ ಪ್ರಶ್ನೆ ಕೇಳುತ್ತಾಳೆ, ದೇವಿಯ ಸಂಸಾರವನ್ನು ನೆರೆಮನೆಯ ಸಂಸಾರದಂತೆ ಆಡಿಕೊಳ್ಳುತ್ತಾಳೆ, ಮುಂದೆ ಕುಳಿತ ಗಂಡಸರ ಮೀಸೆಯನ್ನೂ ಹೆಂಗಸರ ಬಿಂಕವನ್ನೂ ಕೆಣಕುತ್ತಾಳೆ. ಹಗಲಿನಲ್ಲಿ ಇವರನ್ನು ಕಂಡು ಮುಖ ತಿರುಗಿಸುವವರೂ ರಾತ್ರಿಯ ಮೇಳದಲ್ಲಿ ಇವರ ಬಾಯಿಗೆ ಸಿಕ್ಕು ನಗುತ್ತಾರೆ. ಆ ಹೊತ್ತಿಗೆ ಯಾರು ಯಾರನ್ನು ಆಡಿಸುತ್ತಾರೆ ಎಂಬ ಲೆಕ್ಕ ತಿರುಗುಮುರುಗಾಗುತ್ತದೆ.

ಕೊಡದ ಕುಣಿತ ಈ ಪ್ರದರ್ಶನದ ಶಿಖರ. ಬೇವಿನ ಎಲೆ, ನವಿಲುಗರಿ, ಹೂವುಗಳಿಂದ ಅಲಂಕರಿಸಿದ ಕೊಡಕ್ಕೆ ದೇವಿಯ ಮುಖವನ್ನು ಕಟ್ಟಿರುತ್ತಾರೆ. ಅದನ್ನು ಸಿಂಬೆಯ ಮೇಲಿಟ್ಟು ಕೈ ಬಿಟ್ಟು ಕುಣಿಯಬೇಕು. ಮೊದಲು ನಿಧಾನದ ಹೆಜ್ಜೆ, ಬಳಿಕ ಬಿರುಸಿನ ಸುತ್ತು, ಮಂಡಿಯೂರಿ ಹಿಂದಕ್ಕೆ ಬಾಗುವುದು, ನೆಲಕ್ಕಿಟ್ಟ ನೋಟನ್ನು ಬಾಯಿಂದ ಎತ್ತುವುದು. ಕುಣಿಯುವವರು ಕುತ್ತಿಗೆಯನ್ನು ಸ್ಥಿರವಾಗಿಟ್ಟು, ಚಲನೆಯನ್ನೆಲ್ಲ ಸೊಂಟ ಮತ್ತು ಮೊಣಕಾಲುಗಳಿಗೆ ಇಳಿಸಿಕೊಳ್ಳುತ್ತಾರೆ. ತಲೆ ನೆಟ್ಟಗೆ, ಮೈ ಅಲೆಅಲೆ. ಇದು ವರ್ಷಗಟ್ಟಲೆ ಗುರುವಿನ ಮುಂದೆ ಕಲಿತು ಬರುವ ವಿದ್ಯೆ.

ಮೇಳಕ್ಕೆ ಕಾಲವೂ ಇದೆ. ಸವದತ್ತಿಯಲ್ಲಿ ಹೊಸ್ತಿಲ ಹುಣ್ಣಿಮೆಯಂದು ದೇವಿಯ ಬಳೆ ಒಡೆಯುವ ಶೋಕದ ಆಚರಣೆ, ಭಾರತ ಹುಣ್ಣಿಮೆಯಂದು ಮತ್ತೆ ಮುತ್ತೈದೆತನದ ಸಂಭ್ರಮ. ಅಲ್ಲಿ ಜೋಗತಿಯರು ದೇವಿಯೊಂದಿಗೆ ತಾವೂ ಬಳೆ ಒಡೆದುಕೊಂಡು ಅಳುತ್ತಾರೆ, ತಾವೂ ಹಸಿರು ಬಳೆ ತೊಟ್ಟು ನಗುತ್ತಾರೆ. ಉಧೋ ಉಧೋ ಎಂಬ ಕೂಗಿನಲ್ಲಿ ಭಂಡಾರ ಹಾರುತ್ತದೆ. ಅಳುವಿಗೊಂದು ದಿನ, ನಗುವಿಗೊಂದು ದಿನ ಗೊತ್ತುಮಾಡಿ ಎರಡನ್ನೂ ಜನರ ನಡುವೆಯೇ ನಡೆಸುವ ಈ ಪದ್ಧತಿ, ಒಂಟಿಯಾಗಿ ಕೊರಗುವುದಕ್ಕೆ ಅವಕಾಶವನ್ನೇ ಕಡಿಮೆ ಮಾಡುತ್ತದೆ.

ಮಂಜಮ್ಮ ಜೋಗತಿ

ಈ ಕಲೆಯನ್ನು ನಾಡಿಗೆಲ್ಲ ಪರಿಚಯಿಸಿದ ಹೆಸರು ಮಂಜಮ್ಮ ಜೋಗತಿಯವರದು. ಬಳ್ಳಾರಿ ಸೀಮೆಯ ಕಲ್ಲುಕಂಬದಲ್ಲಿ ಮಂಜುನಾಥ ಶೆಟ್ಟಿಯಾಗಿ ಹುಟ್ಟಿದ ಅವರು ಹರೆಯದಲ್ಲಿಯೇ ತಮ್ಮೊಳಗಿನ ಹೆಣ್ಣನ್ನು ಗುರುತಿಸಿಕೊಂಡರು. ಹುಲಿಗೆಮ್ಮನ ಸನ್ನಿಧಿಯಲ್ಲಿ ಜೋಗತಿ ದೀಕ್ಷೆಯಾಯಿತು. ಮನೆಯ ಬಾಗಿಲು ಮುಚ್ಚಿತು. ಭಿಕ್ಷೆ, ಹಲ್ಲೆ, ಸಾಯುವ ಪ್ರಯತ್ನ ಎಲ್ಲವನ್ನೂ ಅವರು ಕಂಡರು. ದಾವಣಗೆರೆಯಲ್ಲಿ ತಂದೆ ಮಗ ಇಬ್ಬರು ಹಾಡಿ ಕುಣಿಯುವುದನ್ನು ಕಂಡದ್ದು ಅವರ ಬದುಕಿನ ತಿರುವು. ಮುಂದೆ ಕಾಳವ್ವ ಜೋಗತಿಯವರ ಮೇಳ ಸೇರಿ ಹಾಡು, ಕುಣಿತ, ಅಭಿನಯ ಕಲಿತರು. ರಂಗಕಲೆಗೆ ಹೆಸರಾದ ಮರಿಯಮ್ಮನಹಳ್ಳಿ ಅವರ ನೆಲೆಯಾಯಿತು.

2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷ ಸ್ಥಾನ, 2021ರಲ್ಲಿ ಪದ್ಮಶ್ರೀ ಅವರಿಗೆ ಸಂದವು. ಆ ಅಧ್ಯಕ್ಷ ಪೀಠವನ್ನೇರಿದ ಮೊದಲ ಲಿಂಗತ್ವ ಅಲ್ಪಸಂಖ್ಯಾತ ವ್ಯಕ್ತಿ ಅವರು. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪ್ರಶಸ್ತಿ ಸ್ವೀಕರಿಸುವ ಮೊದಲು ಅವರು ರಾಷ್ಟ್ರಪತಿ ರಾಮನಾಥ ಕೋವಿಂದರ ಎದುರು ನಿಂತು, ಸೆರಗು ಹಿಡಿದು ದೃಷ್ಟಿ ತೆಗೆದರು. ದೇಶವೆಲ್ಲ ಅದನ್ನು ನೋಡಿತು. ಹರಸುವುದು ಜೋಗತಿಯ ಅಧಿಕಾರ. ಮನೆಬಾಗಿಲಲ್ಲಿ ಬಾಣಂತಿಗೆ, ಹಸುಗೂಸಿಗೆ ಮಾಡುವ ಕ್ರಿಯೆಯನ್ನೇ ಅವರು ದೇಶದ ಪ್ರಥಮ ಪ್ರಜೆಗೂ ಮಾಡಿದರು. ಕೊಡುವ ಸ್ಥಾನದಲ್ಲಿದ್ದ ಸರ್ಕಾರ ಆ ಕ್ಷಣದಲ್ಲಿ ಪಡೆಯುವ ಸ್ಥಾನಕ್ಕೆ ಬಂತು. ಸಭಾಂಗಣದಲ್ಲಿ ಚಪ್ಪಾಳೆ ಎದ್ದಿತು, ರಾಷ್ಟ್ರಪತಿಗಳ ಮುಖದಲ್ಲಿ ನಗು ಇತ್ತು. ಹಳೆಯ ಕಾನೂನುಗಳು ಅಂಜಿದ್ದು ಇಂಥ ಸಲುಗೆಗೇ ಇರಬೇಕು.

ಚಪ್ಪಾಳೆ, ಢೋಲಕ್, ಮನೆತನ

ಬೀದರ್ ಸೀಮೆಯ ಪೂರ್ವಕ್ಕೆ, ಹೈದರಾಬಾದಿನ ಪ್ರಭಾವದಲ್ಲಿ, ಹಿಜ್ಡಾ ಸಮುದಾಯದ ವ್ಯವಸ್ಥೆ ಬೇರೆ. ಹೊಸಬರು ಒಬ್ಬ ಗುರುವಿನ ಚೇಲಾ ಆಗಿ ಮನೆತನ ಸೇರುತ್ತಾರೆ. ಗುರುವಿನ ಗುರು ನಾನಿ. ಮದುವೆಯ ಮನೆ, ಮಗು ಹುಟ್ಟಿದ ಮನೆ, ಹೊಸ ಅಂಗಡಿ ಇವುಗಳಿಗೆ ಢೋಲಕ್ ಹಿಡಿದು ಹೋಗಿ, ಹಾಡಿ ಕುಣಿದು ಹರಸಿ ಕಾಣಿಕೆ ಪಡೆಯುವುದು ಬಧಾಯಿ. ಬೇರೆಯವರ ಸಂತೋಷದ ದಿನಕ್ಕೆ ತಮ್ಮ ಸಂತೋಷವನ್ನು ಸೇರಿಸುವುದೇ ಇಲ್ಲಿ ಜೀವನೋಪಾಯ. ಹೈದರಾಬಾದಿನ ಹಿಜ್ಡಾ ಬದುಕನ್ನು ಅಭ್ಯಾಸ ಮಾಡಿದ ಮಾನವಶಾಸ್ತ್ರಜ್ಞೆ ಗಾಯತ್ರಿ ರೆಡ್ಡಿ ತಮ್ಮ 2005ರ ಗ್ರಂಥದಲ್ಲಿ, ಈ ಬದುಕಿನ ನಡುಗಂಬ ಇಜ್ಜತ್, ಅಂದರೆ ಮರ್ಯಾದೆ ಎಂದು ತೋರಿಸಿದ್ದಾರೆ.

ಬೆರಳುಗಳನ್ನು ಅಗಲಿಸಿ, ಅಂಗೈಗಳನ್ನು ಅಡ್ಡಕ್ಕೆ ತಟ್ಟುವ ಇವರ ಚಪ್ಪಾಳೆಗೆ ಟೊಳ್ಳಾದ, ದೂರಕ್ಕೆ ಕೇಳುವ ಸದ್ದಿದೆ. ಅದೇ ಚಪ್ಪಾಳೆ ಹಾಡಿಗೆ ತಾಳ, ಗೆಳತಿಗೆ ಕರೆ, ಕೆಣಕಿದವನಿಗೆ ಎಚ್ಚರಿಕೆ, ಜಗಳಕ್ಕೆ ಪೂರ್ಣವಿರಾಮ. ಮನೆಯೊಳಗೆ ಒಬ್ಬರನ್ನೊಬ್ಬರು ಬೈದು ನಗಿಸುವ ಆಟವೂ ಇದೆ. ಹೊರಗಿನವರು ನೋಯಿಸಲು ಬಳಸುವ ಬೈಗುಳ ಅಲ್ಲಿ ತನ್ನ ಮೊನೆ ಕಳೆದುಕೊಳ್ಳುತ್ತದೆ. ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯಲ್ಲಿ 1970ರ ದಶಕದಿಂದ ಬೆಳೆದ ಬಾಲ್‌ರೂಮ್ ಎಂಬ ನೃತ್ಯಸ್ಪರ್ಧೆಗಳಲ್ಲೂ, ಮನೆಯವರು ಕೈಬಿಟ್ಟ ಕಪ್ಪುವರ್ಣೀಯ ಮತ್ತು ಲ್ಯಾಟಿನೋ ಯುವಜನರು ‘ಮನೆ’ಗಳನ್ನು ಕಟ್ಟಿಕೊಂಡು, ಹಿರಿಯರೊಬ್ಬರನ್ನು ತಾಯಿಯೆಂದು ಕರೆದರು. ಇದು ಒಬ್ಬರನ್ನು ನೋಡಿ ಇನ್ನೊಬ್ಬರು ಕಲಿತದ್ದಲ್ಲ. ರಕ್ತಸಂಬಂಧ ಕಡಿದಲ್ಲಿ ಆಟದ ಮೂಲಕ ಕುಟುಂಬ ಕಟ್ಟುವ ಅಗತ್ಯ ಎರಡೂ ಕಡೆ ಒಂದೇ ಆಗಿತ್ತು.

ರಂಗ, ಗೋಡೆ, ಬಾನುಲಿ

ಬೆಂಗಳೂರಿನಲ್ಲಿ ಈ ಪ್ರವೃತ್ತಿ ಹೊಸ ಮಾಧ್ಯಮಗಳನ್ನು ಹಿಡಿದಿದೆ. 1999ರಲ್ಲಿ ಆರಂಭವಾದ, ಲೈಂಗಿಕ ಅಲ್ಪಸಂಖ್ಯಾತರ ಹಕ್ಕುಗಳ ಸಂಸ್ಥೆ ಸಂಗಮದಲ್ಲಿ ದುಡಿದ, ಸಮುದಾಯದವರೇ ಆದ ಎ. ರೇವತಿಯವರ ಆತ್ಮಕಥೆ, ದು. ಸರಸ್ವತಿಯವರ ಅನುವಾದದಲ್ಲಿ ‘ಬದುಕು ಬಯಲು’ ಎಂದು ಕನ್ನಡಕ್ಕೆ ಬಂತು. ಹೆಗ್ಗೋಡಿನ ಜನಮನದಾಟ ತಂಡ ಅದನ್ನು ನಾಟಕವಾಗಿಸಿ ಊರೂರಿಗೆ ಒಯ್ದಿತು. ಸಮುದಾಯದೊಡನೆ ದುಡಿಯುವ ಪಯಣ ಸಂಸ್ಥೆಯ ಹಿರಿಯ ಲಿಂಗತ್ವ ಅಲ್ಪಸಂಖ್ಯಾತರು ‘ತಲ್ಕಿ’ ನಾಟಕದಲ್ಲಿ ತಮ್ಮ ಬದುಕನ್ನು ತಾವೇ ಆಡಿದ್ದಾರೆ. 2016ರಲ್ಲಿ ಪೂರ್ಣಿಮಾ ಸುಕುಮಾರ್ ಆರಂಭಿಸಿದ ಅರವಾಣಿ ಆರ್ಟ್ ಪ್ರಾಜೆಕ್ಟ್‌ನ ಕಲಾವಿದೆಯರು ನಗರದ ಗೋಡೆಗಳ ಮೇಲೆ ಗಾಢವರ್ಣದ ದೊಡ್ಡ ಮುಖಗಳನ್ನು ಬರೆಯುತ್ತಾರೆ. ತಮ್ಮನ್ನು ಓಡಿಸುತ್ತಿದ್ದ ಬೀದಿಯಲ್ಲೇ ಏಣಿ ಹಾಕಿ, ದಿನಗಟ್ಟಲೆ ನಿಂತು, ಹಾಡಿಕೊಂಡು ಬಣ್ಣ ಬಳಿಯುವುದು ಚಿತ್ರದಷ್ಟೇ ಮುಖ್ಯವಾದ ಕೆಲಸ. ಸಮುದಾಯ ಬಾನುಲಿ ರೇಡಿಯೋ ಆಕ್ಟಿವ್ 90.4ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರು ಕಾರ್ಯಕ್ರಮ ನಡೆಸಿದ್ದಾರೆ. 2008ರಿಂದ ನಡೆಯುವ ಬೆಂಗಳೂರಿನ ಪ್ರೈಡ್ ನಡಿಗೆಯಲ್ಲಿ ತಮಟೆಯ ಸದ್ದೂ ಹಕ್ಕಿನ ಘೋಷಣೆಯೂ ಒಟ್ಟಿಗೆ ಸಾಗುತ್ತವೆ.

ಬಿ.ಎಸ್. ಲಿಂಗದೇವರು ನಿರ್ದೇಶಿಸಿದ ‘ನಾನು ಅವನಲ್ಲ ಅವಳು’ ಚಲನಚಿತ್ರ ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯನ್ನು ಆಧರಿಸಿದ್ದು, ನಟ ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ತಂದಿತು. ಚಿತ್ರ ಪ್ರಾಮಾಣಿಕವಾಗಿದೆ. ಆದರೂ ಸಮುದಾಯದವರೇ ತಮ್ಮ ಪಾತ್ರವನ್ನು ಆಡಿದಾಗ ಬರುವ ತುಂಟತನ ಬೇರೆಯೇ ಬಗೆಯದು, ಅದಕ್ಕೆ ತೆರೆಯ ಮೇಲೆ ಇನ್ನಷ್ಟು ಜಾಗ ಬೇಕು.

ಆನಂದದ ಮಿತಿ

ಆನಂದವನ್ನು ಹೊಗಳುವಾಗ ಎರಡು ಎಚ್ಚರಗಳು ಅಗತ್ಯ. ಮೊದಲನೆಯದು, ಯಲ್ಲಮ್ಮನ ಪರಂಪರೆಯಲ್ಲಿ ಮುತ್ತು ಕಟ್ಟುವುದರ ಹಿಂದೆ ಬಲವಂತ ಮತ್ತು ಶೋಷಣೆಯ ದೀರ್ಘ ಇತಿಹಾಸವಿದೆ. ದಲಿತ ಕುಟುಂಬಗಳ ಎಳೆಯ ಹೆಣ್ಣುಮಕ್ಕಳು ಅದಕ್ಕೆ ಬಲಿಯಾದರು. ಕರ್ನಾಟಕ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ 1982ರಲ್ಲಿ ಬಂದದ್ದು ಆ ಕಾರಣಕ್ಕೆ. ಜೋಗತಿ ಕಲೆಯನ್ನು ಉಳಿಸುವುದೆಂದರೆ ಆ ಪದ್ಧತಿಯನ್ನು ಉಳಿಸುವುದೆಂದು ಯಾರೂ ತಿಳಿಯಬಾರದು. ದೀಕ್ಷೆಯಿಲ್ಲದೆಯೂ ಚೌಡಿಕೆ ಕಲಿಯಬಹುದು, ಕಲಿಸಬಹುದು.

ಎರಡನೆಯದು, ಕುಣಿತವೊಂದೇ ಬದುಕಿನ ದಾರಿಯಾದಾಗ ಅದು ಆಟವಾಗಿ ಉಳಿಯುವುದಿಲ್ಲ. ಶಾಲೆ ಅರ್ಧಕ್ಕೆ ನಿಂತವರು, ಬಾಡಿಗೆಗೆ ಮನೆ ಸಿಗದವರು, ಕೆಲಸ ಕೇಳಿ ನಗೆಪಾಟಲಾದವರು ಹೊಟ್ಟೆಗಾಗಿ ಕುಣಿದರೆ ಅದರಲ್ಲಿ ದಣಿವೂ ಇರುತ್ತದೆ. ನೋಡುವವರಿಗೆ ಖುಷಿ ಕೊಡಲೇಬೇಕೆಂಬ ಒತ್ತಾಯ ಹೊಸದೊಂದು ಭಾರ. ಕುಣಿಯುವ ಹಕ್ಕಿನೊಡನೆ ಕುಣಿಯದೆ ಇರುವ ಹಕ್ಕೂ ಬೇಕು. ಬ್ಯಾಂಕಿನಲ್ಲಿ ಕೂತು ಲೆಕ್ಕ ಬರೆಯುವ, ಶಾಲೆಯಲ್ಲಿ ಪಾಠ ಹೇಳುವ ಲಿಂಗತ್ವ ಅಲ್ಪಸಂಖ್ಯಾತರು ಹೆಚ್ಚಿದಂತೆ, ಕುಣಿತವನ್ನು ಆರಿಸಿಕೊಂಡವರ ಕುಣಿತ ಇನ್ನಷ್ಟು ಹಗುರವಾಗುತ್ತದೆ.

ಇಂದಿನ ನೆಲೆ

2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ತನ್ನ ನಾಲ್ಸಾ ತೀರ್ಪಿನಲ್ಲಿ ಲಿಂಗತ್ವವನ್ನು ತಾವೇ ನಿರ್ಧರಿಸಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. ಉಡುಗೆ, ಮಾತು, ನಡೆ ಇವುಗಳ ಮೂಲಕ ತನ್ನ ಲಿಂಗತ್ವವನ್ನು ಪ್ರಕಟಿಸುವುದು ವಾಕ್ ಸ್ವಾತಂತ್ರ್ಯದ ಭಾಗವೆಂದು ಅದು ಹೇಳಿತು. ಕರ್ನಾಟಕ 2017ರಲ್ಲಿ ರಾಜ್ಯ ನೀತಿಯೊಂದನ್ನು ರೂಪಿಸಿತು, 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಶೇಕಡ 1ರಷ್ಟು ಸಮತಲ ಮೀಸಲಾತಿಯನ್ನು ತಂದಿತು. ಸಾಮಾನ್ಯ, ಪರಿಶಿಷ್ಟ, ಹಿಂದುಳಿದ ಹೀಗೆ ಪ್ರತಿ ವರ್ಗದ ಒಳಗೂ ಈ ಪಾಲು ಇರುವುದರಿಂದ ಅದಕ್ಕೆ ಸಮತಲ ಎಂಬ ಹೆಸರು. ಮೈತ್ರಿ ಯೋಜನೆಯಡಿ ಮಾಸಿಕ ಪಿಂಚಣಿ ಇದೆ. ಹಿರಿಯ ಜಾನಪದ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಮಾಸಾಶನ ಕೊಡುತ್ತದೆ. ಮೇಳ ಕಟ್ಟಿಕೊಂಡ ಜೋಗತಿಯರು ಇಲಾಖೆಯ ಜಿಲ್ಲಾ ಉತ್ಸವಗಳ ವೇದಿಕೆಗೂ ಅರ್ಜಿ ಹಾಕಬಹುದು.

ಈ ಸವಲತ್ತುಗಳಲ್ಲಿ ಹಲವಕ್ಕೆ ಗುರುತಿನ ಪತ್ರ ಬೇಕಾಗುತ್ತದೆ. 2020ರ ಜನವರಿಯಲ್ಲಿ ಜಾರಿಗೆ ಬಂದ, ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣೆಯ 2019ರ ಕಾಯ್ದೆ ಅದನ್ನು ನೀಡುವ ಅಧಿಕಾರವನ್ನು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಕೊಟ್ಟಿತು. ಬಸವಕಲ್ಯಾಣ ಮತ್ತು ಹುಮನಾಬಾದಿನವರಿಗೆ ಅದು ಬೀದರಿನ ಜಿಲ್ಲಾಧಿಕಾರಿ ಕಚೇರಿ. ಮನೆ ಬಿಟ್ಟು ಬಂದವರ ಬಳಿ ಶಾಲಾ ದಾಖಲೆ, ಪಡಿತರ ಚೀಟಿ ಇರುವುದು ಅಪರೂಪ. ಇಂಥ ದಾಖಲೆಗಳನ್ನು ಒದಗಿಸಿಕೊಡಲು ತಾಲ್ಲೂಕಿನ ಮಟ್ಟದಲ್ಲಿ ಒಬ್ಬ ಸಿಬ್ಬಂದಿ ನೆರವಾದರೂ ಸಾಕು, ಮೇಳದ ಹಿರಿಯರ ಎಷ್ಟೋ ಅರ್ಜಿಗಳು ಮುಂದೆ ಸಾಗುತ್ತವೆ.